ಬ್ಲ್ಯಾಂಕ್ ಹಾಕಿದರೂ ಪೀಕ್ ಬರುತ್ತಿದೆ, ಏನು ಮಾಡಲಿ?

ಈ ಸಲ ಬಂದ ಪ್ರಶ್ನೆಗಳೆಲ್ಲ ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಬಗ್ಗೆಯೇ. ಲ್ಯಾಬ್‌ನಲ್ಲಿ ನಾವೆಲ್ಲ ಜಿಸಿ ಅಂತ ಕರೆಯುವ ಈ ಯಂತ್ರದ ಜೊತೆ ನಾನು 24 ವರ್ಷ ಕಳೆದಿದ್ದೇನೆ. ಮೊದಲು ಬಲ್ಕ್ ಡ್ರಗ್ ಕಂಪನಿಯ ಕ್ಯೂಸಿಯಲ್ಲಿ (ಗುಣಮಟ್ಟ ಪರೀಕ್ಷಿಸುವ ವಿಭಾಗ), ಈಗ ಹೊಸಬರಿಗೆ ಕೆಲಸ ಕಲಿಸುತ್ತಾ. ಪರಿಚಯ ಇಲ್ಲದವರಿಗೆ ಒಂದು ಮಾತು. ಬಿಸಿ ಇಂಜೆಕ್ಟರ್‌ಗೆ ಸ್ಯಾಂಪಲ್ ಚುಚ್ಚಿದರೆ ಅದು ಆವಿಯಾಗುತ್ತದೆ. ಆ ಆವಿಯನ್ನು ಕ್ಯಾರಿಯರ್ ಗ್ಯಾಸು 30 ಮೀಟರ್ ಉದ್ದದ ಸಣ್ಣ ನಳಿಗೆಯಲ್ಲಿ ತಳ್ಳಿಕೊಂಡು ಹೋಗುತ್ತದೆ. ಅದೇ ಕಾಲಂ. ಅದರೊಳಗೆ ಪದಾರ್ಥಗಳು ಬೇರೆಬೇರೆಯಾಗಿ ಒಂದೊಂದಾಗಿ ಡಿಟೆಕ್ಟರ್ ಮುಟ್ಟುತ್ತವೆ. ಒಂದೊಂದಕ್ಕೂ ಪರದೆ ಮೇಲೆ ಒಂದು ಪೀಕ್.

ಪ್ರಶ್ನೆ: ಮೇಡಂ, ನಾನು ಔಷಧ ಕಂಪನಿಯಲ್ಲಿ ಕ್ಯೂಸಿ ಅನಲಿಸ್ಟ್. ಉಳಿಕೆ ಸಾಲ್ವೆಂಟ್ ಪರೀಕ್ಷೆ, ಅಂದರೆ ತಯಾರಿಕೆಯಲ್ಲಿ ಬಳಸಿದ ದ್ರಾವಕ ಔಷಧದಲ್ಲಿ ಎಷ್ಟು ಉಳಿದಿದೆ ಅಂತ ನೋಡುವ ಪರೀಕ್ಷೆ ಮಾಡುತ್ತೇನೆ. ಒಂದು ವಾರದಿಂದ ಬ್ಲ್ಯಾಂಕ್‌ನಲ್ಲೂ (ಔಷಧ ಬೆರೆಸದ ಬರೀ ಸಾಲ್ವೆಂಟ್) ಮೂರು ಪೀಕ್ ಬರುತ್ತಿವೆ. ಒಂದಂತೂ ಟಾಲ್ಯೂಈನ್ ಅನ್ನುವ ಸಾಲ್ವೆಂಟ್‌ನ ಪೀಕ್ ಪಕ್ಕದಲ್ಲೇ ಇದೆ. ಹೊಸ ಕಾಲಂ ಹಾಕಿದರೂ ಹೋಗಲಿಲ್ಲ. ಬ್ಯಾಚ್‌ಗಳು ಕಾಯುತ್ತಿವೆ. ಎಲ್ಲಿಂದ ಶುರು ಮಾಡಲಿ?
ಹೆಸರು ಬೇಡ, ಬೀದರ್

ಉತ್ತರ: ಹೊಸ ಕಾಲಂ ಹಾಕಿದರೂ ಪೀಕ್ ಹೋಗಲಿಲ್ಲ ಅಂದರೆ ಹಳೇ ಕಾಲಂನ ತಪ್ಪಿರಲಿಲ್ಲ. ಅದನ್ನು ಎಸೆಯಬೇಡಿ. ಎರಡು ತುದಿಗೂ ಸೆಪ್ಟಂ (ಇಂಜೆಕ್ಟರ್‌ನಲ್ಲಿ ಸೂಜಿ ಚುಚ್ಚುವ ರಬ್ಬರ್ ಬಿಲ್ಲೆ) ಚೂರು ಚುಚ್ಚಿ ಪೆಟ್ಟಿಗೆಯಲ್ಲಿಡಿ. ಜಿಸಿಯ ತೊಂದರೆಗಳಲ್ಲಿ ಹೆಚ್ಚಿನವು ಸಿಲಿಂಡರ್‌ನಿಂದ ಶುರುವಾಗಿ ಕಾಲಂನ ಮೊದಲ ಒಂದು ಗೇಣಿನೊಳಗೇ ಇರುತ್ತವೆ. ನಾವು ಹುಡುಕುವುದು ಮಾತ್ರ ಇನ್ನೊಂದು ತುದಿಯಿಂದ.

ಸ್ಪ್ಯಾನರ್ ಮುಟ್ಟುವ ಮುಂಚೆ ಮೂರು ರನ್ ಹಾಕಿ. ಮೊದಲನೆಯದು, ಏನೂ ಚುಚ್ಚದೆ ಸುಮ್ನೆ ಓವನ್ ಪ್ರೋಗ್ರಾಂ ಓಡಿಸುವುದು. ಪೀಕ್ ಬರಲಿಲ್ಲವಾ? ಹಾಗಿದ್ದರೆ ತಪ್ಪು ನಿಮ್ಮ ಸಿರಿಂಜ್, ವಯಲ್ ಅಥವಾ ಬ್ಲ್ಯಾಂಕ್ ಸಾಲ್ವೆಂಟ್‌ನಲ್ಲಿದೆ. ಬಂತು ಅಂದರೆ ಯಂತ್ರದೊಳಗೇ ಇದೆ. ಆಗ ಎರಡನೆಯದು: ಓವನ್ ತಣ್ಣಗಾದ ತಕ್ಷಣ ಇನ್ನೊಂದು ಖಾಲಿ ರನ್, ಅದಾದ ಮೇಲೆ ಓವನ್ನನ್ನು 40 ಡಿಗ್ರಿಯಲ್ಲಿ ಒಂದು ಗಂಟೆ ಬಿಟ್ಟು ಮತ್ತೊಂದು. ಕಾದಷ್ಟೂ ಪೀಕ್ ದೊಡ್ಡದಾಗುತ್ತಿದ್ದರೆ ಕೊಳೆ ಮುಂದಿನಿಂದ ಹರಿದು ಬಂದು ತಣ್ಣಗಿರುವ ಕಾಲಂ ಬಾಯಲ್ಲಿ ಕೂಡುತ್ತಿದೆ ಅಂತ ಅರ್ಥ. ಮೂರನೆಯದು, ಇಂಜೆಕ್ಟರನ್ನು 250ರಿಂದ 100 ಡಿಗ್ರಿಗೆ ಇಳಿಸಿ ಅದೇ ಖಾಲಿ ರನ್. ಪೀಕ್ ಕರಗಿದರೆ ತಪ್ಪು ಸೆಪ್ಟಂನದು ಅಥವಾ ಲೈನರ್‌ನದು (ಇಂಜೆಕ್ಟರ್‌ನೊಳಗಿನ ಗಾಜಿನ ನಳಿಗೆ). ಹಾಗೇ ಉಳಿದರೆ ಗ್ಯಾಸ್ ಲೈನು, ಇಲ್ಲವೇ ಗ್ಯಾಸಿನ ಕೊಳೆ ಹಿಡಿಯುವ ಟ್ರ್ಯಾಪು. ಅರ್ಧ ದಿನದಲ್ಲಿ ಮುಗಿಯುವ ಕೆಲಸ, ಒಂದು ರೂಪಾಯಿ ಖರ್ಚಿಲ್ಲ.

ನಿಮ್ಮ ಪತ್ರ ಓದಿದಾಗ ನನಗೆ ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ ನೆನಪಾಯಿತು. ಇದೇ ಥರ ಪೀಕ್. ಹೆದರಿಕೆಯಲ್ಲಿ ಒಂದೇ ಸಂಜೆ ಸೆಪ್ಟಂ, ಲೈನರ್, ಗ್ಯಾಸ್ ಟ್ರ್ಯಾಪ್, ಕಾಲಂ ಎಲ್ಲ ಬದಲಾಯಿಸಿದೆ. ಪೀಕ್ ಹೋಯಿತು. ಹದಿನೈದು ದಿನಕ್ಕೆ ವಾಪಸ್ ಬಂತು. ಯಾವುದರಿಂದ ಹೋಗಿತ್ತು ಅಂತ ಗೊತ್ತಿದ್ದರೆ ತಾನೇ ಮತ್ತೆ ಓಡಿಸೋದು? ಆಗ ನಮ್ಮ ಸೀನಿಯರ್ ಸರ್ ಬಂದರು. ಇಂಜೆಕ್ಟರ್ ತಣ್ಣಗಾಗಲು ಬಿಟ್ಟರು, ಲೈನರ್ ಎತ್ತಿ ಟ್ಯೂಬ್‌ಲೈಟ್ ಕೆಳಗೆ ಹಿಡಿದರು. ಗಾಜಿನ ನಾರಿನ ಮೇಲೆ ರಾಗಿ ಕಾಳಿಗಿಂತ ಸಣ್ಣ ಕೆಂಪು ಚೂರುಗಳು. ಸೆಪ್ಟಂ ಚೂರು. ಲೀಕ್ ಆಗಬಾರದು ಅಂತ ನಾನು ಸೆಪ್ಟಂ ನಟ್ಟನ್ನು ಜೋರಾಗಿ ಬಿಗಿದಿದ್ದೆ. ಬಿಗಿದ ರಬ್ಬರ್ ಸೂಜಿಗೆ ದಾರಿ ಬಿಡುವುದಿಲ್ಲ, ಸೂಜಿ ಅದನ್ನು ಕೊರೆದು ಚೂರು ಮಾಡುತ್ತದೆ. ಆ ಚೂರು ಬಿಸಿ ಲೈನರ್‌ನಲ್ಲಿ ಬಿದ್ದು ಪ್ರತಿ ಸ್ಯಾಂಪಲ್‌ನ ಸಾಲ್ವೆಂಟನ್ನು ಒಂದಿಷ್ಟು ಹೀರಿಕೊಳ್ಳುತ್ತದೆ, ಆಮೇಲೆ ಯಾವಾಗಲೋ ಬಿಡುತ್ತದೆ. ಜೊತೆಗೆ ತನ್ನದೇ ಸಿಲಿಕೋನ್ ಪೀಕ್‌ಗಳನ್ನೂ ಕೊಡುತ್ತದೆ.

ಅವತ್ತಿಂದ ನನ್ನ ಕ್ರಮ ಇಷ್ಟೇ. ಸೆಪ್ಟಂ 100 ಇಂಜೆಕ್ಷನ್‌ಗೆ ಒಂದು, ಅದು ಚೆನ್ನಾಗಿ ಕಂಡರೂ ಸರಿ. ನಟ್ ಬೆರಳಲ್ಲಿ ಬಿಗಿ, ಆಮೇಲೆ ಮ್ಯಾನ್ಯುಯಲ್ ಹೇಳಿದಷ್ಟು ತಿರುವು ಮಾತ್ರ. ಸೂಜಿ ತುದಿಯಲ್ಲಿ ಮುಳ್ಳು ಎದ್ದಿದೆಯಾ ಅಂತ ಭೂತಗನ್ನಡಿಯಲ್ಲಿ ನೋಡಿ. ಸೆಪ್ಟಂ, ಲೈನರ್, ಫೆರೂಲ್ (ಕಾಲಂ ಸುತ್ತ ಬಿಗಿಯುವ ಸಣ್ಣ ಉಂಗುರ) ಯಾವುದನ್ನೂ ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡೂ ಪೀಕ್ ಕೊಡುತ್ತದೆ. ಸೆಪ್ಟಂ ಪರ್ಜ್ ಫ್ಲೋ (ಸೆಪ್ಟಂನಿಂದ ಬರುವ ಕೊಳೆಯನ್ನು ಹೊರಗೆ ಒಯ್ಯುವ ಗ್ಯಾಸಿನ ಹರಿವು) ನಿಮಿಷಕ್ಕೆ 3 ಮಿಲಿ ಹತ್ತಿರ ಇದೆಯಾ ನೋಡಿ. ಒಂದು ಸಲಕ್ಕೆ ಒಂದೇ ಭಾಗ ಬದಲಾಯಿಸಿ, ಖಾಲಿ ರನ್ ಹಾಕಿ, ಲಾಗ್ ಪುಸ್ತಕದಲ್ಲಿ ಬರೆಯಿರಿ, ಆಮೇಲೆ ಮುಂದಿನದು.

ಬ್ಯಾಚ್ ಕಾಯುತ್ತಿದೆ ಅಂತ ಮೇಲಿನವರು ಅವಸರ ಮಾಡುತ್ತಾರೆ, ಗೊತ್ತು. ಆದರೆ ಟಾಲ್ಯೂಈನ್‌ಗೆ ಅಂತರರಾಷ್ಟ್ರೀಯ ಮಾರ್ಗಸೂಚಿಯ ಮಿತಿ 890 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಇಷ್ಟು ಪಾಲು). ಮೆಥನಾಲ್‌ಗೆ 3000, ಬೆಂಜೀನ್‌ಗೆ ಬರೀ 2. ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಪೀಕ್ ಪಕ್ಕದಲ್ಲಿದ್ದಾಗ ಆ ಅಂಕಿ ಬರೆದು ಸಹಿ ಮಾಡುವವರು ನೀವು. ಆ ಮಾತ್ರೆ ಯಾರದೋ ಮನೆಯ ಮಗುವಿನ ಕೈಗೆ ಹೋಗುತ್ತದೆ. ಅರ್ಧ ದಿನ ಕೇಳಿ ಪಡೆಯಿರಿ.

ಪ್ರಶ್ನೆ: ನಮ್ಮದು ಡಿಸ್ಟಿಲರಿ ಲ್ಯಾಬ್. ಸ್ಪಿರಿಟ್‌ನಲ್ಲಿ ಮೆಥನಾಲ್ ನೋಡುತ್ತೇವೆ. ಹೆಚ್ಚು ನೀರಿರುವ ಸ್ಯಾಂಪಲ್ ಬಂದಾಗ ಮಾತ್ರ ಏರಿಯಾ (ಪ್ರಮಾಣ ಲೆಕ್ಕ ಹಾಕುವ ಪೀಕ್‌ನ ವಿಸ್ತೀರ್ಣ) ಒಂದೊಂದು ಸಲ ಒಂದೊಂದು ಥರ ಬರುತ್ತದೆ. ಸಿರಿಂಜ್ ಹೊಸದು. 1 ಮೈಕ್ರೊಲೀಟರ್ ಚುಚ್ಚುತ್ತೇವೆ.
ಓದುಗರು, ಮಂಡ್ಯ ಜಿಲ್ಲೆ

ಉತ್ತರ: ಸಿರಿಂಜ್ ಮೇಲೆ ಅನುಮಾನ ಬೇಡ. ನೀರು ಆವಿಯಾದಾಗ ಎಷ್ಟು ಹಿಗ್ಗುತ್ತದೆ ಅಂತ ಒಂದು ಲೆಕ್ಕ ಹಾಕೋಣ. ಇಂಜೆಕ್ಟರ್ 250 ಡಿಗ್ರಿ, ಒತ್ತಡ 10 ಪಿಎಸ್ಐ ಅಂತಿಟ್ಟುಕೊಳ್ಳಿ. 1 ಮೈಕ್ರೊಲೀಟರ್ ಹೆಕ್ಸೇನ್ ಆವಿಯಾದರೆ ಸುಮಾರು 200 ಮೈಕ್ರೊಲೀಟರ್ ಜಾಗ ಬೇಕು. ಎಥನಾಲ್‌ಗೆ 430. ನೀರಿಗೆ 1400! ನಿಮ್ಮ 4 ಮಿಲಿಮೀಟರ್ ಒಳ ಅಳತೆಯ ಲೈನರ್‌ನಲ್ಲಿ ಒಟ್ಟು ಜಾಗವೇ ಸುಮಾರು 1000. ಪಾವಿನಲ್ಲಿ ಸೇರು ಅಳೆದ ಹಾಗೆ. ಮಿಕ್ಕ ಆವಿ ಎಲ್ಲಿಗೆ ಹೋಗುತ್ತದೆ? ಮೇಲಕ್ಕೆ ನುಗ್ಗುತ್ತದೆ. ಸೆಪ್ಟಂ ಕೆಳಗೆ, ಗ್ಯಾಸ್ ಬರುವ ನಳಿಗೆಯೊಳಗೆ ಹೋಗಿ ಅಲ್ಲಿನ ತಣ್ಣನೆ ಲೋಹಕ್ಕೆ ಅಂಟಿಕೊಳ್ಳುತ್ತದೆ. ಎಷ್ಟು ಹೋಗುತ್ತದೆ ಅನ್ನುವುದು ಪ್ರತಿ ಸಲ ಬೇರೆ. ಏರಿಯಾ ಕುಣಿಯುವುದು ಅದಕ್ಕೇ.

0.5 ಮೈಕ್ರೊಲೀಟರ್‌ಗೆ ಇಳಿಯಿರಿ, ಆಗ ನೀರಿಗೆ 700 ಸಾಕು. ಒಂದರಿಂದ ಅರ್ಧಕ್ಕೆ ಇಳಿದರೆ ಪೀಕ್ ಚಿಕ್ಕದಾಗುತ್ತದೆ, ಅಲ್ವಾ? ಸ್ಪ್ಲಿಟ್ ರೇಷಿಯೋ, ಅಂದರೆ ಕಾಲಂಗೆ ಕಳಿಸದೆ ಹೊರಗೆ ಬಿಡುವ ಆವಿಯ ಪಾಲು, ಸ್ವಲ್ಪ ಕಡಿಮೆ ಮಾಡಿ ಸರಿದೂಗಿಸಿ. ಯಂತ್ರದಲ್ಲಿ ಪಲ್ಸ್ಡ್ ಇಂಜೆಕ್ಷನ್ ಇದ್ದರೆ ಅದನ್ನು ಬಳಸಿ, ಚುಚ್ಚುವ ಕ್ಷಣದಲ್ಲಿ ಒತ್ತಡ ಜಾಸ್ತಿ ಇದ್ದರೆ ಆವಿ ಹಿಗ್ಗುವುದು ಕಡಿಮೆ. ಗಾಜಿನ ನಾರು ಇರುವ ಲೈನರನ್ನೇ ಹಾಕಿ. ಇಲ್ಲಿಯತನಕ ಮೇಲೆ ನುಗ್ಗಿದ್ದೆಲ್ಲ ಇನ್ನೂ ಅಲ್ಲೇ ಕೂತಿರುತ್ತದೆ, ಆದ್ದರಿಂದ ಇಂಜೆಕ್ಟರ್‌ನ ಮೇಲ್ಭಾಗ ಬಿಚ್ಚಿಸಿ ಒಂದು ಸಲ ತೊಳೆಸಿ. ಇಲ್ಲದಿದ್ದರೆ ಪ್ರಮಾಣ ಇಳಿಸಿದ ಮೇಲೂ ಕೆಲವು ದಿನ ಹಳೆಯದು ಕಾಡುತ್ತದೆ.

ಪ್ರಶ್ನೆ: ಕಾಲೇಜಿನ ಎಂಎಸ್ಸಿ ಲ್ಯಾಬ್‌ನಲ್ಲಿ ಎಫ್ಐಡಿ (ಹೈಡ್ರೋಜನ್ ಜ್ವಾಲೆಯ ಡಿಟೆಕ್ಟರ್) ಇರುವ ಜಿಸಿ ಇದೆ. ಜ್ವಾಲೆ ಹೊತ್ತುವುದಿಲ್ಲ, ಹೊತ್ತಿದರೂ ಆರುತ್ತದೆ. ಕರೆಂಟ್ ಬೇರೆ ಹೋಗಿ ಬಂದು ಮಾಡುತ್ತದೆ. ಸರ್ವಿಸ್ ಎಂಜಿನಿಯರ್ ಬರಲು ತಿಂಗಳಾಗುತ್ತದಂತೆ.
ಉಪನ್ಯಾಸಕಿ, ಕಲಬುರಗಿ

ಉತ್ತರ: ಹೈಡ್ರೋಜನ್ ಜ್ವಾಲೆ ಕಣ್ಣಿಗೆ ಕಾಣುವುದಿಲ್ಲ. ನಿಮ್ಮದು ನಿಜವಾಗಿ ಆರಿದೆಯಾ ಅಂತ ಮೊದಲು ನೋಡಿ. ಡಿಟೆಕ್ಟರ್‌ನ ಮೇಲಿನ ತೂತಿನ ಹತ್ತಿರ ತಣ್ಣಗಿರುವ ಹೊಳೆಯುವ ಸ್ಪ್ಯಾನರ್ ಹಿಡಿಯಿರಿ. ಮುಖ ಮಾತ್ರ ದೂರ ಇರಲಿ. ಸ್ಪ್ಯಾನರ್ ಮೇಲೆ ಮಂಜು ಕೂತರೆ ಜ್ವಾಲೆ ಇದೆ, ಏಕೆಂದರೆ ಹೈಡ್ರೋಜನ್ ಉರಿದರೆ ಬರುವುದು ನೀರಿನ ಆವಿ. ಮಂಜಿಲ್ಲದಿದ್ದರೆ ಹೈಡ್ರೋಜನ್ ನಿಲ್ಲಿಸಿ, ಆಮೇಲೆ ಮುಂದಿನ ಮಾತು.

ಹೆಚ್ಚಿನ ಲ್ಯಾಬ್‌ಗಳಲ್ಲಿ ನಾನು ಕಂಡದ್ದು, ಡಿಟೆಕ್ಟರ್ ಕಾಯುವ ಮುಂಚೆ ಹೊತ್ತಿಸಲು ಹೋಗುವುದು. 150 ಡಿಗ್ರಿಗಿಂತ ಕಡಿಮೆ ಇದ್ದರೆ ಆ ನೀರೇ ಒಳಗೆ ಕೂತು ಜ್ವಾಲೆ ಆರಿಸುತ್ತದೆ, ಲೋಹಕ್ಕೆ ತುಕ್ಕು ಹಿಡಿಸುತ್ತದೆ. 250 ಮುಟ್ಟಲಿ, ಅಲ್ಲಿಯವರೆಗೆ ಕಾಯಿರಿ. ನಿಮಿಷಕ್ಕೆ ಹೈಡ್ರೋಜನ್ 30ರಿಂದ 40 ಮಿಲಿ, ಗಾಳಿ 300ರಿಂದ 400. ಇದನ್ನು ಪರದೆಯ ಅಂಕಿಯಿಂದ ನಂಬಬೇಡಿ, ಫ್ಲೋ ಮೀಟರ್ ಇಟ್ಟು ಒಂದೊಂದೇ ಗ್ಯಾಸ್ ಅಳೆಯಿರಿ. ಮೇಕಪ್ ಗ್ಯಾಸ್ (ಡಿಟೆಕ್ಟರ್‌ಗೆ ಹೆಚ್ಚುವರಿಯಾಗಿ ಕೊಡುವ ಗ್ಯಾಸ್) ಜಾಸ್ತಿ ಇದ್ದರೆ ಅದೇ ಊದಿ ಆರಿಸುತ್ತದೆ, ಹೊತ್ತಿಸುವಾಗ ನಿಲ್ಲಿಸಿ, ಆಮೇಲೆ ಕೊಡಿ. ಇಷ್ಟಾದರೂ ಆಗದಿದ್ದರೆ ಜೆಟ್ (ಜ್ವಾಲೆ ಉರಿಯುವ ಸಣ್ಣ ಮೂತಿ) ಕಟ್ಟಿರಬಹುದು. ಕಾಲಂನಿಂದ ಬರುವ ಸಿಲಿಕೋನ್ ಜ್ವಾಲೆಯಲ್ಲಿ ಸುಟ್ಟು ಬಿಳಿ ಪುಡಿಯಾಗಿ ಜೆಟ್ ತುದಿಗೆ ಕೂರುತ್ತದೆ. ತಣ್ಣಗಾದ ಮೇಲೆ ಬಿಚ್ಚಿ, ತೂತನ್ನು ಗೀಚದ ಹಾಗೆ ಸಣ್ಣ ತಂತಿ ಆಡಿಸಿ, ಸಾಲ್ವೆಂಟ್‌ನಲ್ಲಿ ತೊಳೆದು ಒಣಗಿಸಿ.

ಕರೆಂಟ್ ವಿಷಯಕ್ಕೆ ಯುಪಿಎಸ್ ಬೇಕೇ ಬೇಕು, ಪ್ರಿನ್ಸಿಪಾಲರ ಹತ್ತಿರ ಪಟ್ಟು ಹಿಡಿಯಿರಿ. ಕ್ಯಾರಿಯರ್ ಗ್ಯಾಸ್ ಇಲ್ಲದೆ ಬಿಸಿಯಾಗಿರುವ ಕಾಲಂಗೆ ಆಕ್ಸಿಜನ್ ಸೋಕಿದರೆ ಒಳಗಿನ ಲೇಪ ಹಾಳು. ಶುರು ಮಾಡುವಾಗ ಗ್ಯಾಸ್ ಮೊದಲು, ಕಾಲು ಗಂಟೆ ಹರಿದ ಮೇಲೆ ಬಿಸಿ. ನಿಲ್ಲಿಸುವಾಗ ಬಿಸಿ ಮೊದಲು ಇಳಿಸಿ, ಗ್ಯಾಸ್ ಕೊನೆಗೆ.

ವಿದ್ಯಾರ್ಥಿಗಳಿಗೆ ದಯವಿಟ್ಟು ಇನ್ನೊಂದು ಮಾತು ಹೇಳಿ, ಹೇಳಿ ಗೋಡೆಗೂ ಅಂಟಿಸಿ. ಡಿಟೆಕ್ಟರ್‌ನಿಂದ ಕಾಲಂ ಬಿಚ್ಚುವ ಮುಂಚೆ ಹೈಡ್ರೋಜನ್ ಸಿಲಿಂಡರ್‌ನಲ್ಲೇ ಬಂದ್ ಆಗಿರಬೇಕು, ಬಿಚ್ಚಿದ ಬಾಯಿಗೆ ಬಿರಡೆ ಹಾಕಿರಬೇಕು. ಇಲ್ಲದಿದ್ದರೆ ಹೈಡ್ರೋಜನ್ ಓವನ್‌ನೊಳಗೆ ತುಂಬುತ್ತದೆ. ಓವನ್ ಬಿಸಿ ಮಾಡಿದ ಕೂಡಲೇ ಸ್ಫೋಟ ಆಗಬಹುದು.

ಪ್ರಶ್ನೆ: ಕ್ಯಾರಿಯರ್ ಗ್ಯಾಸ್ ಆಗಿ ಬಳಸುವ ಹೀಲಿಯಂ ಬೆಲೆ ತಡೆಯಲಾಗುತ್ತಿಲ್ಲ. ನೈಟ್ರೋಜನ್‌ಗೆ ಬದಲಾಯಿಸಬಹುದೇ?
ಓದುಗರು, ಜಿಗಣಿ

ಉತ್ತರ: ಬದಲಾಯಿಸಬಹುದು, ತಾಳ್ಮೆ ಇದ್ದರೆ. ನೈಟ್ರೋಜನ್‌ನಲ್ಲಿ ಕಾಲಂ ಚೆನ್ನಾಗಿ ಬೇರ್ಪಡಿಸುವುದು ಸೆಕೆಂಡಿಗೆ 12 ಸೆಂಟಿಮೀಟರ್ ಆಸುಪಾಸಿನ ವೇಗದಲ್ಲಿ. ಹೀಲಿಯಂಗೆ ಅದರ ಸುಮಾರು ಎರಡರಷ್ಟು, ಹೈಡ್ರೋಜನ್‌ಗೆ ಮೂರರಷ್ಟು. ಪೀಕ್‌ಗಳು ದೂರದೂರ ಇರುವ ಪರೀಕ್ಷೆಯಾದರೆ ಧಾರಾಳವಾಗಿ ಮಾಡಿ, ವ್ಯಾಲಿಡೇಶನ್ (ವಿಧಾನ ಸರಿಯಾಗಿದೆ ಅಂತ ಸಾಬೀತು ಮಾಡುವುದು) ಮತ್ತೆ ಮಾಡಬೇಕಾಗುತ್ತದೆ ಅಷ್ಟೇ. ಯಾವ ಗ್ಯಾಸ್ ಆದರೂ ಶೇಕಡಾ 99.999 ಶುದ್ಧತೆ ಇರಲಿ. ಸಿಲಿಂಡರ್ ತಳ ಕಾಣುವವರೆಗೆ ಓಡಿಸಬೇಡಿ, ಕೊನೆಗೆ ಬರುವ ಗ್ಯಾಸಿನಲ್ಲಿ ತೇವ ಮತ್ತು ಕೊಳೆ ಜಾಸ್ತಿ.

ಪ್ರಶ್ನೆ: ಕಾಲಂ ತುದಿ ಕತ್ತರಿಸಿದ ಮೇಲೆ ಪೀಕ್‌ಗಳಿಗೆ ಬಾಲ ಬರುತ್ತಿದೆ. ಕತ್ತರಿಸುವ ಮುಂಚೆ ಇಷ್ಟು ಇರಲಿಲ್ಲ.
ಹೊಸದಾಗಿ ಸೇರಿದವರು, ನಂಜನಗೂಡು

ಉತ್ತರ: ಕತ್ತರಿಸಿದ ತುದಿಯನ್ನು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ನೋಡಿ. ಹಲ್ಲು ಹಲ್ಲಾಗಿದೆ ಅಂತ ನನಗೆ ಅನಿಸುತ್ತಿದೆ. ಕಾಲಂ ಹೊರಗಿನ ಕಂದು ಬಣ್ಣ ಪಾಲಿಇಮೈಡ್ ಲೇಪದ್ದು, ಒಳಗಿರುವುದು ಫ್ಯೂಸ್ಡ್ ಸಿಲಿಕಾ. ಈ ಥರದ ಕಾಲಂ ಬಂದದ್ದು 1979ರಲ್ಲಿ. ಅದಕ್ಕೂ ಮುಂಚಿನ ಗಾಜಿನ ಕಾಲಂಗಳು ಬಾಗುತ್ತಿರಲಿಲ್ಲ, ಕೂಡಿಸುವಾಗಲೇ ಮುರಿಯುತ್ತಿದ್ದವು. ಈಗಿನದು ಬಾಗುತ್ತದೆ ಅಂತ ಕತ್ತರಿಯಲ್ಲಿ ಕತ್ತರಿಸುವವರನ್ನು ನಾನು ನೋಡಿದ್ದೇನೆ. ಹಾಗೆ ಮಾಡಿದರೆ ಸಿಲಿಕಾ ಚೂರಾಗುತ್ತದೆ. ಆ ಒಡೆದ ಅಂಚಿಗೆ ನಿಮ್ಮ ಸ್ಯಾಂಪಲ್ ಅಂಟಿ ನಿಧಾನಕ್ಕೆ ಬಿಡುತ್ತದೆ, ಅದೇ ಬಾಲ.

ನಟ್ ಮತ್ತು ಫೆರೂಲನ್ನು ಮೊದಲೇ ಏರಿಸಿಕೊಳ್ಳಿ. ಏರಿಸುವಾಗ ಫೆರೂಲ್‌ನ ಪುಡಿ ಕಾಲಂ ಬಾಯೊಳಗೆ ಹೋಗುತ್ತದೆ, ಅದಕ್ಕೇ ಕತ್ತರಿಸುವುದು ಆಮೇಲೆ. ಸೆರಾಮಿಕ್ ಬಿಲ್ಲೆಯಿಂದ ಒಂದೇ ಒಂದು ಗೀರು, ಹಗುರವಾಗಿ. ಒತ್ತಬೇಡಿ. ಗೀರಿನ ಎರಡೂ ಪಕ್ಕ ಹಿಡಿದು ಸ್ವಲ್ಪ ಎಳೆದು ಬಾಗಿಸಿದರೆ ಟಕ್ ಅಂತ ಬಿಟ್ಟುಕೊಳ್ಳುತ್ತದೆ. ತುದಿ ನೆಟ್ಟಗೆ ಇಲ್ಲದಿದ್ದರೆ ಇನ್ನೊಂದು ಸೆಂಟಿಮೀಟರ್ ಹೋಗಲಿ. ಆಮೇಲೆ ಸಾಲ್ವೆಂಟ್ ತೇವ ಮಾಡಿದ ಟಿಶ್ಯೂದಲ್ಲಿ ಒರೆಸಿ. ಇಂಜೆಕ್ಟರ್ ಒಳಗೆ ಎಷ್ಟು ಹೋಗಬೇಕು ಅನ್ನುವುದು ಒಂದೊಂದು ಯಂತ್ರಕ್ಕೆ ಒಂದೊಂದು ಅಳತೆ. ಮ್ಯಾನ್ಯುಯಲ್ ನೋಡಿ ನಟ್ಟಿನ ಕೆಳಗೆ ವೈಟ್ನರ್‌ನಿಂದ ಗುರುತು ಹಾಕಿಕೊಳ್ಳಿ, ಬಿಗಿಯುವಾಗ ಜಾರಿದರೆ ಗೊತ್ತಾಗುತ್ತದೆ. ವೆಸ್ಪೆಲ್ ಅನ್ನುವ ಪ್ಲಾಸ್ಟಿಕ್ ಮಿಶ್ರಣದ ಫೆರೂಲ್ ಆದರೆ ಮೊದಲ ಕೆಲವು ಬಿಸಿಗೆ ಕುಗ್ಗುತ್ತದೆ. ಓವನ್ ತಣ್ಣಗಾದ ಮೇಲೆ ಇನ್ನೊಂದು ಸಲ ಚೂರು ಬಿಗಿಯಿರಿ.

ಕತ್ತರಿಸಿದ್ದು ಎಷ್ಟು ಅಂತ ಬರೆದಿಟ್ಟಿದ್ದೀರಾ? ಸಲಕ್ಕೆ 20 ಸೆಂಟಿಮೀಟರ್‌ನಂತೆ ಹತ್ತು ಸಲ ಆದರೆ 30 ಮೀಟರ್ ಕಾಲಂ 28 ಆಗಿರುತ್ತದೆ. ಸಾಫ್ಟ್‌ವೇರ್‌ನಲ್ಲಿ ಇನ್ನೂ 30 ಅಂತಲೇ ಇದ್ದರೆ ಯಂತ್ರ ಹಾಕುವ ಫ್ಲೋ ಲೆಕ್ಕ ತಪ್ಪು. ಪೀಕ್‌ಗಳು ಮುಂಚೆ ಬರತೊಡಗುತ್ತವೆ, ಆಗ ನೀವು ಲೀಕ್ ಹುಡುಕುತ್ತಾ ಕೂರುತ್ತೀರಿ. ಇವತ್ತೇ ಉದ್ದ ತಿದ್ದಿ, ಕಾಲಂ ತಗುಲಿಹಾಕುವ ತಂತಿಯ ಚೌಕಟ್ಟಿಗೆ ಒಂದು ಚೀಟಿ ಕಟ್ಟಿ, ಓವನ್‌ನಿಂದ ಹೊರಗೆ ತೆಗೆದಾಗಲೆಲ್ಲ ಅದರ ಮೇಲೆ ಉಳಿದ ಉದ್ದ ಬರೆಯಿರಿ. ಒಳಗಿಡುವ ಮುಂಚೆ ಚೀಟಿ ಬಿಚ್ಚುವುದು ಮರೆಯಬೇಡಿ.