ಪ್ರತಿಕ್ರಿಯೆ: ಪ್ರಾವೆಟ್ಸ್-82 ಡಿಸ್ಕ್‌ನಲ್ಲಿ ಅಕ್ಷರದ ಬದಲು ಅಂಕಿ, ಚಿಹ್ನೆ ಬರುತ್ತಿದೆ
ಡಿಸ್ಕ್ ಹಾಳಾಗಿಲ್ಲ ಅನಿಸುತ್ತೆ. ನೀವು ಅದನ್ನು ಆಪಲ್ 2 ಪ್ಲಸ್ ಎಮ್ಯುಲೇಟರ್‌ನಲ್ಲಿ (ಹಳೆ ಕಂಪ್ಯೂಟರ್‌ನಂತೆ ನಡೆಯುವ ತಂತ್ರಾಂಶ) ತೆರೆದಿದ್ದೀರಿ, ಅಲ್ವಾ? ತೊಂದರೆ ಅಲ್ಲೇ ಇದೆ.

ಪ್ರಾವೆಟ್ಸ್-82 ಬಲ್ಗೇರಿಯಾದ ಹಳೆ ಕಂಪ್ಯೂಟರ್. ಅಲ್ಲಿನವರು ಅದಕ್ಕೂ ಮೊದಲಿನ ಪ್ರಯೋಗದ ಯಂತ್ರ ಇಮ್ಕೊ-1 ಅನ್ನೇ ಆಪಲ್ 2ರ ನಕಲಾಗಿ ಕಟ್ಟಿದ್ದರು. ಇಂಗ್ಲಿಷ್ ಸಣ್ಣ ಅಕ್ಷರಗಳ ಜಾಗದಲ್ಲಿ ಸಿರಿಲಿಕ್ (ಬಲ್ಗೇರಿಯನ್ ಬರೆಯುವ ಲಿಪಿ) ಕೂರಿಸಿದರು. ಪ್ರಾವೆಟ್ಸ್-82ರಲ್ಲೂ ಅದೇ ಏರ್ಪಾಡು. ಬಲ್ಗೇರಿಯನ್‌ಗೆ 30 ಅಕ್ಷರ, ಆ ಜಾಗದಲ್ಲಿರುವುದು 32 ಕೋಡ್ (ಅಕ್ಷರವನ್ನು ಗುರುತಿಸುವ ಸಂಖ್ಯೆ), ಸರಿಯಾಗಿ ಹಿಡಿಸಿತು. ಆಪಲ್ 2 ಪ್ಲಸ್‌ಗೆ ಸಣ್ಣ ಅಕ್ಷರವೇ ಗೊತ್ತಿಲ್ಲ. ಹಾಗಾಗಿ ಆ ಜಾಗದ ಕೋಡ್ 225 ಬಂದರೆ ಸುಮ್ನೆ ಆಶ್ಚರ್ಯಸೂಚಕ ಚಿಹ್ನೆ ತೋರಿಸುತ್ತೆ.

ಮೊದಲು ಎಮ್ಯುಲೇಟರ್‌ನಲ್ಲಿ ಪ್ರಾವೆಟ್ಸ್-82 ಆಯ್ಕೆ ಇದೆಯಾ ನೋಡಿ, ಅದರದ್ದೇ ಅಕ್ಷರ ROM (ಅಕ್ಷರಗಳ ಆಕಾರ ಇಟ್ಟಿರುವ ಚಿಪ್) ಫೈಲ್ ಹಾಕಿ ಬೂಟ್ ಮಾಡಿ. ಜಾಸ್ತಿ ಜನರಿಗೆ ಇಷ್ಟೇ ಸಾಕು.

ಪಠ್ಯ ಮಾತ್ರ ಬೇಕಿದ್ದರೆ ಫೈಲ್ ಹೊರತೆಗೆದು, 128ಕ್ಕಿಂತ ಮೇಲಿನ ಪ್ರತಿ ಬೈಟ್‌ನಿಂದ 128 ಕಳೆಯಿರಿ. ಆಮೇಲೆ 96ರಿಂದ 127ರವರೆಗೆ ಉಳಿಯುವುದೇ ಸಿರಿಲಿಕ್. ಗೊತ್ತಿರುವ ಒಂದು ಪದ ಹಿಡಿದು, ಯಾವ ಸಂಖ್ಯೆಗೆ ಯಾವ ಅಕ್ಷರ ಅನ್ನೋ ಪಟ್ಟಿ ಹೊಂದಿಸಿ. ಆಗಲೂ ಕಲಸುಮೇಲೋಗರವಾಗಿದ್ದರೆ ಅದು ಪಠ್ಯವಲ್ಲ, ಬೇಸಿಕ್ (BASIC) ಭಾಷೆಯ ಪ್ರೋಗ್ರಾಂ ಇರಬಹುದು. ಎಮ್ಯುಲೇಟರ್‌ನಲ್ಲೇ ಲೋಡ್ ಮಾಡಿ LIST ಆಜ್ಞೆ ಕೊಡಿ.