ನಿಮ್ಮ ಮಾವಿಗೆ ಪೇಟೆಂಟ್ ಸಿಗುವುದಿಲ್ಲ, ಹಾಗಂತ ಕೈಚೆಲ್ಲಿ ಕೂರಬೇಡಿ

ಶ್ರೀನಿವಾಸಪುರ ಕಡೆ ಸಣ್ಣ ನರ್ಸರಿ ನಡೆಸುವ ಓದುಗರೊಬ್ಬರ ಪತ್ರಕ್ಕೆ ಇದು ಉತ್ತರ. ಪತ್ರ ಉದ್ದ ಇದೆ, ಸಾರಾಂಶ ಮಾತ್ರ ಹೇಳುತ್ತೇನೆ. ಇವರ ತೋಟದ ಬದುವಿನಲ್ಲಿ ಓಟೆಯಿಂದ ತಾನಾಗಿ ಹುಟ್ಟಿದ ಒಂದು ಮಾವಿನ ಮರ ಇದೆ. ಸುತ್ತಲಿನ ಬಾದಾಮಿ, ತೋತಾಪುರಿ ಎಲ್ಲ ಮುಗಿದ ಮೇಲೆ ಇದು ಹಣ್ಣಾಗುತ್ತದೆ, ನಾರಿಲ್ಲ, ವಾರ ಇಟ್ಟರೂ ಕೆಡುವುದಿಲ್ಲ. ಜೊತೆಗೆ ಒಂದು ಕೆಂಪು ಗುಲಾಬಿ ಗಿಡದ ಒಂದೇ ರೆಂಬೆಯಲ್ಲಿ ಪಟ್ಟೆ ಪಟ್ಟೆ ಹೂ ಬರುತ್ತಿದೆ. ಕ್ಯಾಲಿಫೋರ್ನಿಯಾದಲ್ಲಿರುವ ಅಣ್ಣನ ಮಗ ಫೋನ್ ಮಾಡಿ, "ಚಿಕ್ಕಪ್ಪ, ಇಲ್ಲಿ ಗುಲಾಬಿಗೂ ಪೇಟೆಂಟ್ ಇದೆ, ಯಾರಾದ್ರೂ ಕದಿಯೋ ಮುಂಚೆ ನೀವೂ ಮಾಡಿಸಿ" ಎಂದಿದ್ದಾನೆ. ಅತ್ತ ಇನ್ಯಾರೋ, ನೀವು ಹ್ಯಾಸ್ ಬೆಣ್ಣೆಹಣ್ಣಿನ ಕಸಿ ಗಿಡ ಮಾರುವುದೇ ಕಳ್ಳತನ, ಅದು ಅಮೆರಿಕದ ಪೇಟೆಂಟು ಎಂದು ಹೆದರಿಸಿದ್ದಾರೆ. ಯಾರ ಮಾತು ನಿಜ ಅನ್ನುವುದು ಇವರ ಪ್ರಶ್ನೆ.

ನಮಸ್ಕಾರ. ಮೊದಲು ಹ್ಯಾಸ್ ವಿಷಯ ಮುಗಿಸೋಣ, ಯಾಕೆಂದರೆ ನಿಮ್ಮ ಮಾವಿಗೂ ಅದರಲ್ಲಿ ಪಾಠ ಇದೆ.

ಹೌದು, ಹ್ಯಾಸ್‌ಗೆ ಪೇಟೆಂಟ್ ಇತ್ತು. 1935ರಲ್ಲಿ ಸಿಕ್ಕಿದ್ದು, ಆಗಿನ ನಿಯಮದಂತೆ 17 ವರ್ಷಕ್ಕೆ. ಅಂದರೆ 1952ಕ್ಕೇ ಮುಗಿದುಹೋಯಿತು. ಇವತ್ತು ಅಮೆರಿಕದಲ್ಲೂ ಯಾರು ಬೇಕಾದರೂ ಹ್ಯಾಸ್ ಕಸಿ ಕಟ್ಟಿ ಮಾರಬಹುದು, ಇಲ್ಲಂತೂ ಕೇಳುವವರೇ ಇಲ್ಲ. ಪೇಟೆಂಟ್ ಇನ್ನೂ ಜೀವಂತ ಇದ್ದರೂ ಅದು ಕೊಟ್ಟ ದೇಶದೊಳಗೆ ಮಾತ್ರ ನಡೆಯುತ್ತದೆ. ನಿಮ್ಮನ್ನು ಹೆದರಿಸಿದವರಿಗೆ ಇಷ್ಟು ಹೇಳಿ ಸಾಕು. ಆದರೆ ಯಾರೋ ಸೂಟ್‌ಕೇಸಿನಲ್ಲಿ ಹೊರದೇಶದಿಂದ ಕಡ್ಡಿ ತಂದುಕೊಟ್ಟರೆ ಮುಟ್ಟಬೇಡಿ. ಪೇಟೆಂಟಿಗಲ್ಲ, ರೋಗ ಬರುತ್ತದೆ ಅಂತ. ಪರವಾನಗಿ, ಕ್ವಾರಂಟೈನ್ ಇಲ್ಲದೆ ಗಿಡ ತರುವುದು ಅಪರಾಧ.

ಹ್ಯಾಸ್ ಮರದ ಕಥೆ ನಿಮ್ಮ ಮಾವಿನದರ ಹಾಗೇ ಇದೆ ನೋಡಿ. ರುಡಾಲ್ಫ್ ಹ್ಯಾಸ್ ಎಂಬುವವರು ಕ್ಯಾಲಿಫೋರ್ನಿಯಾದಲ್ಲಿ ಪೋಸ್ಟ್‌ಮ್ಯಾನ್. ಸ್ವಲ್ಪ ಜಮೀನು ತೆಗೆದುಕೊಂಡು ಬೀಜ ಹಾಕಿ ಸಸಿ ಎಬ್ಬಿಸಿದರು. ಅದರ ಮೇಲೆ ಆ ಕಾಲಕ್ಕೆ ಹೆಸರು ಮಾಡಿದ್ದ ಫ್ಯುಯರ್ಟೆ ತಳಿ ಕಸಿ ಕಟ್ಟುವುದು ಅವರ ಲೆಕ್ಕ. ಒಂದು ಸಸಿಗೆ ಎಷ್ಟು ಸಲ ಕಟ್ಟಿದರೂ ಕಸಿ ಹಿಡಿಯಲಿಲ್ಲ. ಕಿತ್ತುಬಿಡೋಣ ಅಂದುಕೊಂಡಿದ್ದರು, ಕಸಿ ಕಟ್ಟುವವರು ಇರಲಿ ಬಿಡಿ ಅಂದರು. ಆ ಸಸಿ ಬೆಳೆದು ಕಾಯಿ ಬಿಟ್ಟಾಗ ಮನೆ ಮಕ್ಕಳಿಗೇ ಅದರ ರುಚಿ ಜಾಸ್ತಿ ಇಷ್ಟವಾಯಿತು. ಇವತ್ತು ಪ್ರಪಂಚದ ಬೆಣ್ಣೆಹಣ್ಣಿನ ವ್ಯಾಪಾರದಲ್ಲಿ ಸಿಂಹಪಾಲು ಆ ಒಂದು ಮರದ ಸಂತತಿಯದು.

ಹ್ಯಾಸ್ ಪೇಟೆಂಟ್ ಮಾಡಿಸಿದರು, ಬ್ರೋಕಾ ಎಂಬ ನರ್ಸರಿಯವರ ಜೊತೆ ಒಪ್ಪಂದವನ್ನೂ ಮಾಡಿಕೊಂಡರು. ಮಾರಾಟದ ಹಣದಲ್ಲಿ ನರ್ಸರಿಗೆ ಮುಕ್ಕಾಲು, ಇವರಿಗೆ ಕಾಲು. ಎಲ್ಲ ಸರಿಯಾಗೇ ಮಾಡಿದ್ದರು ಅಲ್ವಾ? ಆದರೂ ಅಷ್ಟು ವರ್ಷದಲ್ಲಿ ಪೇಟೆಂಟಿನಿಂದ ಬಂದದ್ದು ಸುಮಾರು 5,000 ಡಾಲರ್ ಅಷ್ಟೇ. ಬೆಳೆಗಾರರು ಒಂದೇ ಒಂದು ಗಿಡ ದುಡ್ಡು ಕೊಟ್ಟು ತಗೊಂಡು, ಅದರ ಕಡ್ಡಿಯಿಂದ ಇಡೀ ತೋಟಕ್ಕೆ ಕಸಿ ಕಟ್ಟಿಕೊಂಡರು. ಯಾರ ತೋಟಕ್ಕೆ ಅಂತ ಹೋಗಿ ಎಣಿಸುತ್ತಾರೆ, ಕೆಲಸಕ್ಕೆ ಹೋಗುವ ಪೋಸ್ಟ್‌ಮ್ಯಾನ್? ಪೇಟೆಂಟ್ ಮುಗಿದ 1952ರಲ್ಲೇ ಅವರೂ ತೀರಿಕೊಂಡರು.

ಇದನ್ನು ಇಷ್ಟು ಎಳೆದು ಹೇಳಿದ್ದಕ್ಕೆ ಕಾರಣ ಇದೆ. ಕಡ್ಡಿಯಿಂದ, ಕಣ್ಣಿನಿಂದ (ರೆಂಬೆಯ ಮೊಗ್ಗಿನಿಂದ) ಬೆಳೆಯುವ ಗಿಡದ ಹಕ್ಕು ಕಾಗದದ ಮೇಲೆ ಎಷ್ಟೇ ಗಟ್ಟಿ ಇದ್ದರೂ, ಲೆಕ್ಕ ಇಡುವ ಜನ ನಿಮ್ಮ ಹತ್ತಿರ ಇಲ್ಲದಿದ್ದರೆ ದುಡ್ಡು ಹುಟ್ಟುವುದಿಲ್ಲ. ಮಿನ್ನೆಸೋಟ ವಿಶ್ವವಿದ್ಯಾಲಯ ಹನಿಕ್ರಿಸ್ಪ್ ಅನ್ನುವ ಸೇಬಿನಿಂದ ಗಿಡಕ್ಕೆ ಒಂದು ಡಾಲರಿನ ಆಸುಪಾಸು ರಾಯಲ್ಟಿ ತೆಗೆದುಕೊಂಡೇ ಒಂದು ಕೋಟಿ ಡಾಲರಿಗಿಂತ ಜಾಸ್ತಿ ಗಳಿಸಿತು. ಅವರಿಗೆ ವಕೀಲರಿದ್ದರು, ಲೈಸೆನ್ಸ್ ತೆಗೆದುಕೊಂಡ ದೊಡ್ಡ ನರ್ಸರಿಗಳಿದ್ದವು, ಪ್ರತಿ ಗಿಡಕ್ಕೂ ಲೆಕ್ಕ ಇತ್ತು. ನಿಮ್ಮ ನರ್ಸರಿಯಲ್ಲಿ ನೀವು, ನಿಮ್ಮ ಮನೆಯವರು, ಒಬ್ಬ ಹುಡುಗ.

ನಿಮ್ಮ ಅಣ್ಣನ ಮಗ ಹೇಳಿದ್ದು ಅಲ್ಲಿಗೆ ನಿಜ. ಅಮೆರಿಕದಲ್ಲಿ 1930ರಿಂದ ಗಿಡಕ್ಕೆಂದೇ ಬೇರೆ ಪೇಟೆಂಟ್ ಕಾನೂನು ಇದೆ. ಅದಕ್ಕೂ ಮುಂಚೆ ನರ್ಸರಿಯವರ ಪಾಡು ಕೇಳಬೇಕು. 1914ರಲ್ಲಿ ಸ್ಟಾರ್ಕ್ ಎಂಬ ನರ್ಸರಿ ಕಂಪನಿ ಗೋಲ್ಡನ್ ಡೆಲಿಶಿಯಸ್ ಸೇಬಿನ ತಾಯಿಮರವನ್ನು, ಅದು ನಿಂತ ನೆಲದ ಸಮೇತ, 5,000 ಡಾಲರ್ ಕೊಟ್ಟು ಕೊಂಡಿತು. ಕಡ್ಡಿ ಕದಿಯಬಾರದೆಂದು ಮರದ ಸುತ್ತ ಪಂಜರ ಕಟ್ಟಿಸಿ ಅಲಾರಂ ಗಂಟೆ ಹಾಕಿಸಿತು! ಅದೂ ಮೊದಲ ಗಿಡ ಮಾರುವ ತನಕ ಮಾತ್ರ ಉಪಯೋಗ. ಒಂದು ಗಿಡ ಹೊರಗೆ ಹೋದ ಮೇಲೆ ಪಂಜರಕ್ಕೆ ಏನು ಕೆಲಸ? ಅದೇ ಕಂಪನಿಯವರು ಮುಂದೆ ನಿಂತು ಓಡಾಡಿ ಆ ಕಾನೂನು ತರಿಸಿದರು.

ನಿಮಗೆ ಖುಷಿಯಾಗುವ ಒಂದು ವಿಷಯ: ಆ ಕಾನೂನಿನಡಿ ಮೊಟ್ಟಮೊದಲ ಪೇಟೆಂಟ್ ಸಿಕ್ಕಿದ್ದು ನಿಮ್ಮಂಥದ್ದೇ ಗುಲಾಬಿಗೆ. 'ಡಾಕ್ಟರ್ ಡಬ್ಲ್ಯೂ ವ್ಯಾನ್ ಫ್ಲೀಟ್' ಎನ್ನುವ ಹಬ್ಬುವ ಗುಲಾಬಿ ವರ್ಷಕ್ಕೆ ಒಂದೇ ಸಲ ಹೂ ಬಿಡುತ್ತಿತ್ತು. ಅದು ತಾನಾಗಿ ಮಾರ್ಪಟ್ಟು ಮತ್ತೆ ಮತ್ತೆ ಹೂ ಬಿಡತೊಡಗಿತು. ನ್ಯೂಜೆರ್ಸಿಯ ಹೆನ್ರಿ ಬೋಸೆನ್‌ಬರ್ಗ್ ಅದನ್ನು 'ನ್ಯೂ ಡಾನ್' ಎಂದು 1931ರ ಆಗಸ್ಟ್ 18ರಂದು ಪೇಟೆಂಟ್ ಮಾಡಿಸಿದರು. ಹೀಗೆ ಗಿಡವೋ ರೆಂಬೆಯೋ ತಾನಾಗಿ ಮಾರ್ಪಡುವುದನ್ನೇ ನಮ್ಮ ನರ್ಸರಿಯವರೂ ಸ್ಪೋರ್ಟ್ ಅನ್ನುವುದು. ಈಗ ಅಲ್ಲಿ ಅರ್ಜಿ ಹಾಕಿದ ದಿನದಿಂದ 20 ವರ್ಷ ಹಕ್ಕು. ಅಷ್ಟು ದಿನ ಮನೆಯ ಕುಂಡಕ್ಕೂ ಅದರ ಕಡ್ಡಿ ಊರಿ ಇನ್ನೊಂದು ಗಿಡ ಮಾಡಿಕೊಳ್ಳುವಂತಿಲ್ಲ.

ಇಲ್ಲಿ ಹಾಗಿಲ್ಲ. ನಮ್ಮ 1970ರ ಪೇಟೆಂಟ್ ಕಾಯ್ದೆಯ ಕಲಂ 3(ಜೆ) ಗಿಡ, ಬೀಜ, ತಳಿ ಯಾವುದಕ್ಕೂ ಪೇಟೆಂಟ್ ಇಲ್ಲ ಎಂದು ನೇರವಾಗಿ ಹೇಳುತ್ತದೆ. ಹಾಗಾಗಿ ಯಾರಾದರೂ "ಮಾವಿಗೆ ಪೇಟೆಂಟ್ ಮಾಡಿಸಿಕೊಡ್ತೀನಿ, ಇಷ್ಟು ಕೊಡಿ" ಅಂತ ಬಂದರೆ ಕಾಫಿ ಕೊಟ್ಟು ಕಳಿಸಿ. ಮೈಸೂರು ಮಲ್ಲಿಗೆಗೆ, ನಂಜನಗೂಡು ರಸಬಾಳೆಗೆ ಸಿಕ್ಕಿತಲ್ಲ ಅಂತ ಬರೆದಿದ್ದೀರಿ. ಅದು ಭೌಗೋಳಿಕ ಗುರುತು, ಜಿಐ ಟ್ಯಾಗ್. ಒಂದು ಸೀಮೆಯ ಬೆಳೆಗಾರರೆಲ್ಲರಿಗೂ ಸೇರಿದ್ದು, ನಿಮ್ಮ ಬದುವಿನ ಒಂದು ಮರಕ್ಕೆ ಬರುವಂಥದ್ದಲ್ಲ.

ನಮ್ಮಲ್ಲಿರುವುದು ತಳಿ ನೋಂದಣಿ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ. ಇದನ್ನು ನೋಡಿಕೊಳ್ಳುವ ಪ್ರಾಧಿಕಾರದ ಕಚೇರಿ ದೆಹಲಿಯಲ್ಲಿದೆ, ಶಿವಮೊಗ್ಗದಲ್ಲೂ ಒಂದು ಶಾಖೆ ಇದೆ. ಮರಗಳಿಗೆ ಮತ್ತು ಬಳ್ಳಿಗಳಿಗೆ 18 ವರ್ಷ, ಉಳಿದ ಬೆಳೆಗೆ 15 ವರ್ಷ ರಕ್ಷಣೆ. ಆದರೆ ಸರ್ಕಾರ ಪಟ್ಟಿ ಮಾಡಿದ ಬೆಳೆಗಳಿಗೆ ಮಾತ್ರ. ಮಾವು, ಗುಲಾಬಿ, ಸೇವಂತಿಗೆ ಪಟ್ಟಿಯಲ್ಲಿವೆ, ನಿಮ್ಮ ಪುಣ್ಯ.

ತಳಿ ಬೇರೆಯದರಿಂದ ಬೇರ್ಪಡಿಸಿ ಗುರುತು ಹಿಡಿಯುವಂತಿರಬೇಕು, ಗಿಡದಿಂದ ಗಿಡಕ್ಕೆ ಒಂದೇ ತರ ಇರಬೇಕು, ಮತ್ತೆ ಮತ್ತೆ ಬೆಳೆಸಿದರೂ ಬದಲಾಗಬಾರದು. ಹೊಸ ತಳಿ ಅಂತ ಅರ್ಜಿ ಹಾಕಿದರೆ ಇನ್ನೊಂದು ಷರತ್ತು ಸೇರುತ್ತದೆ: ಅರ್ಜಿಗೆ ಒಂದು ವರ್ಷಕ್ಕಿಂತ ಮುಂಚೆ ಅದನ್ನು ದೇಶದೊಳಗೆ ಮಾರಾಟಕ್ಕೆ ಬಿಟ್ಟಿರಬಾರದು. ಜನ ಎಡವುವುದು ಇಲ್ಲೇ. ಚೆನ್ನಾಗಿ ಮಾರಾಟವಾಗುತ್ತಾ ನೋಡೋಣ ಅಂತ ಎರಡು ಮೂರು ವರ್ಷ ಸಂತೆಯಲ್ಲಿ ಮಾರಿ, ಆಮೇಲೆ ನೋಂದಣಿಗೆ ಓಡುತ್ತಾರೆ. ಅಷ್ಟೊತ್ತಿಗೆ ಅದು ಹೊಸತಾಗಿ ಉಳಿದಿರುವುದಿಲ್ಲ. ನೀವು ಗುಲಾಬಿಯನ್ನು ಇನ್ನೂ ಮಾರಿಲ್ಲ ಅಂದಿದ್ದೀರಿ. ಒಳ್ಳೆಯದು, ಹಾಗೇ ಇರಲಿ.

ಮಾವಿಗೆ ಬೇರೆ ದಾರಿ ಇದೆ, 'ರೈತರ ತಳಿ' ಎಂದು. ರೈತರು ತಮ್ಮ ಹೊಲದಲ್ಲಿ ಉಳಿಸಿ ಬೆಳೆಸಿದ ತಳಿಗೆ ಹೊಸತು ಅನ್ನುವ ಷರತ್ತಿಲ್ಲ, ಶುಲ್ಕವೂ ಇಲ್ಲ. ನಿಮ್ಮ ಮರದ ಹಣ್ಣು ಊರಿಗೆಲ್ಲ ಗೊತ್ತಿದ್ದರೆ ಇಲ್ಲಿ ಅದೇನೂ ಅಡ್ಡಿಯಲ್ಲ.

ಇನ್ನು ನಿಮಗೆ ಅಷ್ಟು ಇಷ್ಟವಾಗದ ಮಾತು. ನೋಂದಣಿಯಾದ ಮೇಲೂ, ಪಕ್ಕದ ರೈತ ನಿಮ್ಮ ತಳಿಯ ಕಡ್ಡಿ ಕಟ್ಟಿಕೊಂಡು ತನ್ನ ತೋಟ ಮಾಡಿಕೊಂಡರೆ ನೀವು ತಡೆಯುವ ಹಾಗಿಲ್ಲ. ಕಲಂ 39ರ ಪ್ರಕಾರ ರೈತ ತನ್ನ ಬೆಳೆಯ ಬೀಜ ಉಳಿಸಬಹುದು, ಬಿತ್ತಬಹುದು, ಹಂಚಬಹುದು, ಬ್ರ್ಯಾಂಡ್ ಹಾಕದೆ ಮಾರಲೂಬಹುದು. ಈ ಕಾಯ್ದೆಯಲ್ಲಿ ಬೀಜ ಅಂದರೆ ಗಿಡವಾಗಿ ಬೆಳೆಯಬಲ್ಲ ಕಡ್ಡಿ, ಗೆಡ್ಡೆಯೂ ಸೇರುತ್ತದೆ. ಹ್ಯಾಸ್ ಅವರ ನೆರೆಯವರು ಮಾಡಿದ್ದು ಅಲ್ಲಿ ಕಾನೂನಿಗೆ ವಿರುದ್ಧ, ಅದನ್ನೇ ಇಲ್ಲಿನ ರೈತ ಮಾಡಿದರೆ ಅವನ ಹಕ್ಕು. 2019ರಲ್ಲಿ ಪೆಪ್ಸಿ ಕಂಪನಿ ಚಿಪ್ಸ್ ಆಲೂಗಡ್ಡೆಯ ತಳಿ ಬೆಳೆದರು ಅಂತ ಗುಜರಾತಿನ ರೈತರ ಮೇಲೆ ಕೇಸು ಹಾಕಿ, ದೇಶವೆಲ್ಲ ಗಲಾಟೆಯಾದ ಮೇಲೆ ವಾಪಸ್ ತೆಗೆದುಕೊಂಡಿದ್ದು ನೆನಪಿರಬೇಕು. ನನ್ನನ್ನು ಕೇಳಿದರೆ ಈ ಕಲಂ ಇರುವುದೇ ಸರಿ. ನೀವೂ ಬೇರೆಯವರ ಕಡ್ಡಿಯಿಂದಲೇ ತೋಟ ಮಾಡಿದವರು, ನಿಮ್ಮ ಅಪ್ಪನೂ ಅಷ್ಟೇ. ನಿಮ್ಮ ಹಕ್ಕು ಹಿಡಿಯುವುದು ದುಡ್ಡಿಗೆ ಗಿಡ ಮಾಡಿ ಮಾರುವ ನರ್ಸರಿಗಳ ಮೇಲೆ. ಅಲ್ಲಿಗೇ ಗಮನ ಕೊಡಿ.

ಹಾಗಾದರೆ ದುಡ್ಡು ಹೇಗೆ? ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಚೇಳೂರಿಗೆ ಹೋಗಿ ಬನ್ನಿ. ಅಲ್ಲಿನ ಒಂದು ರೈತ ಕುಟುಂಬದ ತೋಟದಲ್ಲಿ ತಾಮ್ರ ಕೆಂಪಿನ ತೊಳೆಯ ಹಲಸಿನ ಮರ ಇತ್ತು. ಹಣ್ಣು ಚಿಕ್ಕದು, ಎರಡೂವರೆ ಕಿಲೋ ಆಸುಪಾಸು, ಒಂದು ಮನೆಗೆ ಸರಿಹೋಗುವಷ್ಟು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ, ತನ್ನ ಹಿರೇಹಳ್ಳಿ ಕೇಂದ್ರದ ಮೂಲಕ, ಆ ಮರವನ್ನು ಪರೀಕ್ಷಿಸಿ 'ಸಿದ್ದು' ಎಂದು ಹೆಸರಿಟ್ಟು ಹೊರತಂದಿತು. ಜೊತೆಗೆ ಒಪ್ಪಂದ: ಸಂಸ್ಥೆ ಕಸಿ ಗಿಡ ಮಾಡಿ ಮಾರುತ್ತದೆ, ಬಂದ ಹಣದಲ್ಲಿ ಶೇಕಡ 75 ರೈತರಿಗೆ. ಹ್ಯಾಸ್‌ಗೆ ಕಾಲು ಪಾಲು ಅಂದೆನಲ್ಲ, ಇಲ್ಲಿ ಮುಕ್ಕಾಲು! ಗಿಡ ಮಾಡುವುದು, ಲೆಕ್ಕ ಇಡುವುದು, ಅಸಲಿ ಗಿಡ ಅಂತ ಜನರಿಗೆ ನಂಬಿಕೆ ಕೊಡುವುದು ಎಲ್ಲ ಸಂಸ್ಥೆಯ ತಲೆನೋವು. ಬೇಡಿಕೆ ಜೋರಾಗಿರುವ ಮೊದಲ ಕೆಲವು ವರ್ಷದಲ್ಲೇ ದುಡಿಮೆ ಆಗಿಹೋಗಬೇಕು, ಆಮೇಲೆ ಎಲ್ಲರ ಹತ್ತಿರವೂ ಗಿಡ ಇರುತ್ತದೆ. ನಾನು ನಿಮ್ಮ ಜಾಗದಲ್ಲಿದ್ದರೆ ವಕೀಲರ ಮನೆಗೆ ಹೋಗುವ ಮುಂಚೆ ಹೆಸರಘಟ್ಟಕ್ಕೆ ಹೋಗುತ್ತಿದ್ದೆ.

ಅದಕ್ಕೂ ಮೊದಲು ಮನೆಯಲ್ಲೇ ಒಂದು ಕೆಲಸ ಇದೆ. ಮಾವಿನ ಮರದಿಂದ ಕಡ್ಡಿ ತೆಗೆದು ಕೆಲವು ಗಿಡ ಕಸಿ ಕಟ್ಟಿ, ಸಾಧ್ಯವಾದರೆ ಬೇರೆ ಮಣ್ಣಿನಲ್ಲೂ ನೆಡಿ. ಆ ಬದುವಿನ ಗೊಬ್ಬರ ನೀರಿನ ಗುಣಕ್ಕೆ ಹಣ್ಣು ತಡವಾಗುತ್ತಿದೆಯೋ ಅಥವಾ ಮರದ್ದೇ ಗುಣವೋ ಅಂತ ಹಾಗೆ ಮಾತ್ರ ತಿಳಿಯುವುದು. ಹೂ ಬಿಟ್ಟ ದಿನ, ಕೊಯ್ದ ದಿನ, ಹಣ್ಣಿನ ತೂಕ, ಒಂದು ವರ್ಷ ಬಿಟ್ಟು ಒಂದು ವರ್ಷ ಫಸಲೋ ಪ್ರತಿ ವರ್ಷವೋ, ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಫೋಟೊ ತೆಗೆದಿಡಿ. ನಾಳೆ ಮರ ಯಾರದ್ದು ಅನ್ನುವ ತಕರಾರು ಬಂದರೆ ಇದೇ ಸಾಕ್ಷಿ. ಅಣ್ಣತಮ್ಮಂದಿರ ನಡುವೆ ಜಮೀನು ಇನ್ನೂ ಭಾಗವಾಗಿಲ್ಲ ಅಂತ ಪತ್ರದಲ್ಲಿ ಒಂದು ಸಾಲು ಬರೆದಿದ್ದೀರಿ. ಅದನ್ನೂ ಮೊದಲೇ ಮಾತಾಡಿ ಮುಗಿಸಿಕೊಳ್ಳಿ, ರಾಯಲ್ಟಿ ಬರುವ ಸುದ್ದಿ ಕೇಳಿದ ಮೇಲೆ ಆ ಮಾತು ಕಷ್ಟ.

ಗುಲಾಬಿಗೆ ಪರೀಕ್ಷೆ ಇನ್ನೂ ಬಿಗಿ. ಪಟ್ಟೆ ಹೂವಿನ ರೆಂಬೆಗಳು ಎಷ್ಟೋ ಸಲ ಮತ್ತೆ ಕೆಂಪಿಗೇ ತಿರುಗುತ್ತವೆ. ಆ ರೆಂಬೆಯ ಕಣ್ಣು ತೆಗೆದು ಕಸಿ ಮಾಡಿ, ಆ ಗಿಡ ಹೂ ಬಿಟ್ಟ ಮೇಲೆ ಅದರ ಕಣ್ಣಿನಿಂದ ಮತ್ತೊಂದು ಸುತ್ತು ಮಾಡಿ. ಪಟ್ಟೆ ನಿಂತರೆ ಮುಂದುವರಿಯಿರಿ, ಇಲ್ಲದಿದ್ದರೆ ಅಲ್ಲಿಗೇ ಬಿಡಿ. ಇನ್ನೊಂದು ಮುಖ್ಯ ಪ್ರಶ್ನೆಗೆ ನಿಮ್ಮ ಪತ್ರದಲ್ಲಿ ಉತ್ತರ ಇಲ್ಲ: ತಾಯಿಗಿಡ ಯಾವ ತಳಿ? ಹಳೇ ಕಾಲದ ಗುಲಾಬಿಯಾದರೆ ತೊಂದರೆ ಇಲ್ಲ. ದೊಡ್ಡಬಳ್ಳಾಪುರ, ಹೊಸೂರು ಕಡೆಯ ಪಾಲಿಹೌಸುಗಳಲ್ಲಿ ಬೆಳೆಯುವ ವಿದೇಶಿ ಕಂಪನಿಯ ಗಿಡವಾದರೆ, ಅದು ಇಲ್ಲಿ ನೋಂದಣಿಯಾಗಿದೆಯೇ ನೋಡಬೇಕು. ಆಗಿದ್ದರೆ, ಅದರಿಂದಲೇ ಹುಟ್ಟಿದ ಸ್ಪೋರ್ಟನ್ನು ನೀವು ಮಾರಲು ಮೂಲ ತಳಿಯವರ ಒಪ್ಪಿಗೆ ಬೇಕಾಗುತ್ತದೆ. ಆ ಪಾಲಿಹೌಸಿನವರು ಗಿಡ ತರುವಾಗ ಸಹಿ ಹಾಕಿದ ಕಾಗದದಲ್ಲಿ ಏನಿದೆ ಅನ್ನುವುದೂ ಮುಖ್ಯ. ಗಿಡ ಎಲ್ಲಿಂದ ತಂದಿರಿ, ಬಿಲ್ಲು ಇದೆಯಾ, ಸ್ವಲ್ಪ ಹುಡುಕಿ.

ಕೊನೆಗೆ ಹೆಸರಿನ ವಿಷಯ. ಮಾವಿಗೆ 'ಶ್ರೀನಿವಾಸಪುರ ಸಿಹಿ' ಅಂತ ಇಡಬಹುದಾ ಅಂತ ಕೇಳಿದ್ದೀರಿ. ಊರಿನ ಹೆಸರು ಸೇರಿದ ತಳಿ ಹೆಸರಿಗೆ ಕಾಯ್ದೆಯಲ್ಲೇ ಅಡ್ಡಿ ಇದೆ, ರಿಜಿಸ್ಟ್ರಾರ್ ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅದಕ್ಕಾಗಿ ಯಾಕೆ ಕಾಗದ ಓಡಾಡಿಸುತ್ತೀರಿ? 'ಸಿದ್ದು' ಬಂದಿದ್ದೂ ಆ ರೈತರ ತಂದೆಯವರ ಹೆಸರಿನಿಂದ. ಆ ಓಟೆ ಬದುವಿಗೆ ಎಸೆದವರು ನಿಮ್ಮ ಅಜ್ಜಿ ಇರಬೇಕು ಅಂತ ಬರೆದಿದ್ದೀರಲ್ಲ, ಅವರ ಹೆಸರೇನು?