ಠಾಕೂರ್ ಎಂದರೆ ಯಾವ ಜಾತಿ?

ಧಾರವಾಡದ ಓದುಗರೊಬ್ಬರು ಕೇಳಿದ್ದಾರೆ: 'ಬಂಗಾಳದ ಚುನಾವಣಾ ಸುದ್ದಿಗಳಲ್ಲಿ ಮತುವಾ ಸಮುದಾಯದ ಠಾಕೂರ್ ಮನೆತನದ ಮಾತು ಬರುತ್ತಲೇ ಇರುತ್ತದೆ. ಇವರು ಕವಿ ರವೀಂದ್ರನಾಥರ ಸಂಬಂಧಿಕರೇ? ಠಾಕೂರರು ಬ್ರಾಹ್ಮಣರಲ್ಲವೇ? ಮತ್ತೆ ಇವರನ್ನು ದಲಿತರೆಂದು ಬರೆಯುವುದು ಹೇಗೆ? ಕೋಲ್ಕತ್ತಕ್ಕೆ ಹೋದಾಗ ಅವರ ಊರನ್ನೂ ನೋಡಬಹುದೇ?'

ಸಂಬಂಧಿಕರಲ್ಲ. ಎರಡೂ ಮನೆತನಗಳಿಗೆ ಠಾಕೂರ್ ಎಂಬುದು ಹುಟ್ಟಿನಿಂದ ಬಂದ ಅಡ್ಡಹೆಸರೇ ಅಲ್ಲ, ಜನ ಕೊಟ್ಟ ಗೌರವದ ಹೆಸರು. ಬಂಗಾಳದಲ್ಲಿ ದೇವರೂ ಠಾಕೂರ್, ಪೂಜ್ಯರೂ ಠಾಕೂರ್.

ರವೀಂದ್ರರ ಪೂರ್ವಜರ ಹೆಸರು ಕುಶಾರಿ. ಹದಿನೇಳನೆಯ ಶತಮಾನದ ಕೊನೆಯ ಹೊತ್ತಿಗೆ ಪಂಚಾನನ ಕುಶಾರಿ ಎಂಬವರು ಜೆಸೋರ್ ಕಡೆಯಿಂದ ಬಂದು, ಮುಂದೆ ಕಲ್ಕತ್ತೆಯಾಗಲಿದ್ದ ಗೋವಿಂದಪುರದಲ್ಲಿ ನೆಲೆಸಿದರು. ಅಲ್ಲಿನ ಬೆಸ್ತರು ಈ ಬ್ರಾಹ್ಮಣನನ್ನು 'ಠಾಕೂರ್' ಎಂದು ಕರೆದರು. ಅಲ್ಲಿಗೆ ಹಡಗಿನಲ್ಲಿ ಬರುತ್ತಿದ್ದ ಇಂಗ್ಲಿಷರ ಬಾಯಲ್ಲಿ ಅದು ಟಾಗೋರ್ ಆಯಿತು.

ಬ್ರಾಹ್ಮಣರೇನೋ ಹೌದು, ಆದರೆ 'ಪಿರಾಲಿ' ಎಂಬ ಕಳಂಕ ಹೊತ್ತವರು. ಪಿರ್ ಅಲಿ ಎಂಬ ಅಧಿಕಾರಿ ರಂಜಾನ್ ಉಪವಾಸದಲ್ಲಿ ನಿಂಬೆಹಣ್ಣನ್ನು ಮೂಸಿದಾಗ, ಕಾಮದೇವ, ಜಯದೇವ ಎಂಬ ಬ್ರಾಹ್ಮಣ ಸೋದರರು 'ಮೂಸಿದರೆ ಅರ್ಧ ಊಟ ಮಾಡಿದಂತೆ, ಉಪವಾಸ ಕೆಟ್ಟಿತು' ಎಂದರಂತೆ. ಅವನು ಅವರನ್ನು ಮನೆಗೆ ಕರೆದು ದನದ ಮಾಂಸದ ವಾಸನೆ ಮೂಗಿಗೆ ಬಡಿಯುವಂತೆ ಮಾಡಿದನಂತೆ. ಅವರದೇ ಮಾತಿನಂತೆ ಅವರ ಜಾತಿ ಹೋಯಿತು! ಇದು ಐತಿಹ್ಯ. ಆದರೆ ಬಹಿಷ್ಕಾರ ಮಾತ್ರ ನಿಜವಾಗಿತ್ತು. ಆ ವಂಶದ ಹೆಣ್ಣನ್ನು ಮದುವೆಯಾದ, ಪಂಚಾನನರ ಪೂರ್ವಜನೊಬ್ಬನ ಸಂತತಿಗೂ ಅದು ಅಂಟಿತು. ಕಲ್ಕತ್ತೆಯ ಜೋಡಾಸಾಂಕೋದಲ್ಲಿದ್ದ ರವೀಂದ್ರರ ಮನೆಯವರು ಎಷ್ಟೇ ಸಿರಿವಂತರಾದರೂ ಕುಲೀನ ಬ್ರಾಹ್ಮಣರು ಅವರೊಡನೆ ಬೀಗತನ ಬೆಳೆಸುತ್ತಿರಲಿಲ್ಲ. 1883ರಲ್ಲಿ, ಅಣ್ಣ ಸತ್ಯೇಂದ್ರನಾಥರು ನ್ಯಾಯಾಧೀಶರಾಗಿದ್ದ ನಮ್ಮ ಕಾರವಾರದಲ್ಲಿ ಕೆಲಕಾಲ ಕಳೆದು ಮರಳಿದ ಮೇಲೆ, ರವೀಂದ್ರರ ಮದುವೆಯಾಯಿತು. ಹುಡುಗಿ ಎಲ್ಲಿಯವಳು? ಅದೇ ಹಳೆಯ ಸೀಮೆಯ ಫುಲ್ತಲಾದವಳು, ಠಾಕೂರರದೇ ಜಮೀನ್ದಾರಿಯಲ್ಲಿ ನೌಕರನಾಗಿದ್ದ ಪಿರಾಲಿ ಬ್ರಾಹ್ಮಣನ ಮಗಳು. ಅಷ್ಟು ದೊಡ್ಡ ಮನೆಗೂ ಹೆಣ್ಣು ತರಲು ಇದ್ದದ್ದು ಅಷ್ಟೇ ವಲಯ.

ಮತುವಾ ಠಾಕೂರರದು ಇನ್ನೊಂದು ಜಗತ್ತು. 1812ರಲ್ಲಿ ಪೂರ್ವ ಬಂಗಾಳದ ಫರೀದ್‌ಪುರ ಸೀಮೆಯಲ್ಲಿ ಹುಟ್ಟಿ ಮತುವಾ ಪಂಥ ಕಟ್ಟಿದ ಹರಿಚಾಂದರ ಮನೆತನದ ಹೆಸರು ಬಿಶ್ವಾಸ್. ಅವರ ಜನರನ್ನು ಸವರ್ಣರು 'ಚಂಡಾಲ'ರೆಂದು ಕರೆದು ದೂರ ಇಟ್ಟಿದ್ದರು. ಗುರು, ಪುರೋಹಿತ, ತೀರ್ಥಯಾತ್ರೆ ಯಾವುದೂ ಬೇಡ, ದುಡಿಯುತ್ತಾ ಹರಿನಾಮ ಹಾಡಿದರೆ ಸಾಕು ಎಂದು ಹರಿಚಾಂದರು ಹೇಳಿದರು. ಭಕ್ತರು ಅವರನ್ನೇ ಠಾಕೂರ್ ಎಂದರು. ಮಗ ಗುರುಚಾಂದರು ತಮ್ಮ ಊರಾದ ಓಡಾಕಾಂದಿಯಲ್ಲಿ ಶಾಲೆ ತೆರೆದು, ಉಣ್ಣಲು ಇಲ್ಲದಿದ್ದರೂ ಮಕ್ಕಳನ್ನು ಓದಿಸಿ ಎಂದು ಊರೂರಿನಲ್ಲಿ ಹೇಳಿದರು. 1911ರ ಜನಗಣತಿಯಲ್ಲಿ 'ಚಂಡಾಲ' ಹೋಗಿ 'ನಾಮಶೂದ್ರ' ಬಂದದ್ದರ ಹಿಂದೆ ಈ ಚಳವಳಿಯ ದುಡಿಮೆ ಇದೆ. ಅವಮಾನದ ಹೆಸರನ್ನು ಸರ್ಕಾರಿ ಕಾಗದದಿಂದ ಅಳಿಸಿದ ಆ ಗೆಲುವಿನ ಮುಂದೆ 'ಇವರು ಠಾಕೂರರು ಹೇಗಾದರು' ಎಂಬ ಪ್ರಶ್ನೆ ನನಗೆ ತೀರಾ ಸಣ್ಣದಾಗಿ ಕಾಣುತ್ತದೆ.

ಬಿಹಾರಕ್ಕೆ ಬಂದರೆ ಮೈಥಿಲ ಬ್ರಾಹ್ಮಣರಲ್ಲೂ ಠಾಕೂರರಿದ್ದಾರೆ. ಮುಖ್ಯಮಂತ್ರಿಯಾಗಿದ್ದ ಕರ್ಪೂರಿ ಠಾಕೂರರು ಕ್ಷೌರಿಕ ಸಮುದಾಯದವರು. ಉತ್ತರ ಪ್ರದೇಶದಲ್ಲಿ ಠಾಕೂರ್ ಎಂದರೆ ರಜಪೂತ. ನಮ್ಮ ಉತ್ತರ ಕನ್ನಡದಲ್ಲೂ 'ನಾಯಕ' ಎಂದು ಬರೆದುಕೊಳ್ಳುವವರಲ್ಲಿ ನಾಡವರೂ ಇದ್ದಾರೆ, ಸಾರಸ್ವತರೂ ಇದ್ದಾರೆ. ಅಡ್ಡಹೆಸರು ನೋಡಿ ಜಾತಿ ಗುರುತಿಸುವ ಅಭ್ಯಾಸ ಕೆಟ್ಟದ್ದು ಮಾತ್ರವಲ್ಲ, ತಪ್ಪು ಉತ್ತರವನ್ನೂ ಕೊಡುತ್ತದೆ.

ಇನ್ನು ನಿಮ್ಮ ಪ್ರವಾಸ. ಓಡಾಕಾಂದಿ ಇಂದು ಬಾಂಗ್ಲಾದೇಶದಲ್ಲಿದೆ. ವಿಭಜನೆಯ ನಂತರ ಗುರುಚಾಂದರ ಮೊಮ್ಮಗ, ಸಂವಿಧಾನ ಸಭೆಯ ಸದಸ್ಯರಾಗಿದ್ದ ಪ್ರಮಥರಂಜನ ಠಾಕೂರರು ನಿರಾಶ್ರಿತರಿಗಾಗಿ ಉತ್ತರ 24 ಪರಗಣದಲ್ಲಿ ಠಾಕೂರ್‌ನಗರ ಕಟ್ಟಿದರು. ಸಿಯಾಲ್ದಾ ನಿಲ್ದಾಣದಿಂದ ಬನ್‌ಗಾಂವ್ ಮಾರ್ಗದ ಲೋಕಲ್ ರೈಲು ಹಿಡಿದರೆ ಅಲ್ಲೇ ಇಳಿಯಬಹುದು. ಚೈತ್ರದ ಆಸುಪಾಸಿನಲ್ಲಿ ಹೋದರೆ ಹರಿಚಾಂದರ ಜನ್ಮತಿಥಿಯ ಬಾರುಣಿ ಮೇಳವೂ ಸಿಕ್ಕೀತು; ಆಗ ವಿಪರೀತ ಜನಸಂದಣಿ, ಬೆಳಗಿನ ರೈಲಿಗೇ ಹೊರಡಿ.

– ಸಂಪಾದಕ